ಚೀಟಿ ಬೀರುವಿನಲ್ಲಿಟ್ಟವರಿಗೆ

ಚಿಕ್ಕಜಾಲ, ದೊಡ್ಡಜಾಲ, ಬೆಟ್ಟಹಲಸೂರು, ಹುಣಸಮಾರನಹಳ್ಳಿ, ಸಾದಹಳ್ಳಿ ಕಡೆಯ ಸಕ್ಕರೆ ಕಾಯಿಲೆಯ ಬಂಧುಗಳೇ,

ಕಣ್ಣಿಗೆ ಒಂದೋ ಎರಡೋ ಸಲ ಲೇಸರ್ ಹಾಕಿಸಿಕೊಂಡು, ‘ಏನೂ ಪ್ರಯೋಜನ ಆಗಲಿಲ್ಲ ಬಿಡಿ’ ಎಂದು ಮತ್ತೆ ಆಸ್ಪತ್ರೆ ಕಡೆ ತಲೆ ಹಾಕದೆ ಇರುವವರಿಗೆ ಈ ಪತ್ರ. ‘ಲೇಸರ್ ಬೇಕು’ ಎಂದು ಡಾಕ್ಟರು ಬರೆದುಕೊಟ್ಟ ಚೀಟಿಯನ್ನು ಪಹಣಿ, ಕಂದಾಯದ ರಸೀದಿಗಳ ಜೊತೆ ಬೀರುವಿನಲ್ಲಿಟ್ಟು ಮರೆತವರಿಗೂ. ನಿಮ್ಮಲ್ಲಿ ಕೆಲವರಿಗೆ ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟಿದ್ದೇನೆ, ಕಣ್ಣಿನ ಚಿತ್ರ ಬರೆಸಿ ಭಾಗಗಳನ್ನು ಗುರುತಿಸಿದ್ದಕ್ಕೆ ಅಂಕ ಕೊಟ್ಟಿದ್ದೇನೆ. ಇವತ್ತು ಮೇಷ್ಟ್ರಾಗಿ ಬರೆಯುತ್ತಿಲ್ಲ. ನನ್ನ ಅಣ್ಣನಿಗೆ ನಾನು ಹೇಳಿದ ಒಂದು ಮಾತಿನಿಂದ ಅವನ ಒಂದು ಕಣ್ಣು ಹೋಯಿತು. ಅದೇ ಮಾತು ಈಗ ನಮ್ಮ ಊರಿನ ಟೀ ಅಂಗಡಿ, ಡೇರಿ, ಟ್ಯಾಕ್ಸಿ ಸ್ಟ್ಯಾಂಡುಗಳಲ್ಲಿ ಬಾಯಿಂದ ಬಾಯಿಗೆ ಓಡಾಡುತ್ತಿದೆ. ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದಕ್ಕೆ ಬರೆಯುತ್ತಿದ್ದೇನೆ.

2005ರಲ್ಲಿ ನನ್ನ ಎರಡೂ ಕಣ್ಣಿಗೆ ಲೇಸರ್ ಆಯಿತು. ಆಗ ನನಗೆ 44. ಸಕ್ಕರೆ ಬಂದು ಹನ್ನೊಂದು ವರ್ಷವಾಗಿತ್ತು. ಕಣ್ಣು ಚೆನ್ನಾಗಿಯೇ ಕಾಣುತ್ತಿತ್ತು, ಕನ್ನಡಕದ ನಂಬರ್ ಬದಲಾಯಿಸಲು ಹೋದವನಿಗೆ ಕಣ್ಣಿನ ಹಿಂಭಾಗದ ಪರದೆಯಲ್ಲಿ ಹೊಸ ರಕ್ತನಾಳಗಳು ಹುಟ್ಟಿವೆ ಎಂದರು. ಕಣ್ಣಿಗೆ ಡ್ರಾಪ್ಸ್ ಹಾಕಿ ಒಂದು ಗಂಟೆ ಕೂರಿಸಿದರು. ಆಮೇಲೆ ಕತ್ತಲೆ ಕೋಣೆ. ಗಲ್ಲವನ್ನು ಒಂದು ತಟ್ಟೆಯ ಮೇಲೆ ಇಡಬೇಕು, ಹಣೆಯನ್ನು ಪಟ್ಟಿಗೆ ಒತ್ತಬೇಕು. ಅಂಟಂಟಾದ ದ್ರವ ಸವರಿದ ದಪ್ಪ ಗಾಜೊಂದನ್ನು ಡಾಕ್ಟರು ನೇರವಾಗಿ ಕಣ್ಣುಗುಡ್ಡೆಯ ಮೇಲೆ ಕೂರಿಸಿದರು. ‘ನನ್ನ ಕಿವಿ ನೋಡಿ, ಅಲ್ಲಾಡಬೇಡಿ’ ಅಂದರು. ಕಾಲಿನ ಪೆಡಲ್ ಒತ್ತಿದಾಗೆಲ್ಲ ಟಕ್ ಎಂಬ ಸದ್ದು, ಜೊತೆಗೆ ಕಣ್ಣು ತುಂಬುವಷ್ಟು ಹಸಿರು ಮಿಂಚು. ಟಕ್, ಟಕ್, ಟಕ್. ಎಣಿಸುವುದು ನನ್ನ ಚಾಳಿ. 300ರವರೆಗೆ ಎಣಿಸಿ ತಪ್ಪಿಹೋಯಿತು. ಕೆಲವು ಕಡೆ ಬಿದ್ದಾಗ ಹುಬ್ಬಿನ ಹಿಂದೆ ಯಾರೋ ಬೆರಳಿಂದ ಒತ್ತಿದಂತೆ ನೋವು. ಹೊರಗೆ ಬಂದಾಗ ಗೋಡೆ, ಬಾಗಿಲು, ನರ್ಸಮ್ಮನ ಬಿಳಿ ಸೀರೆ ಎಲ್ಲವೂ ನೇರಳೆ ಬಣ್ಣ.

ಒಂದೊಂದು ಕಣ್ಣಿಗೆ ಮೂರು ಸಲ ಹೀಗೆ. ಮುಗಿದ ಮೇಲೆ ರಾತ್ರಿ ಹೊತ್ತು ಮೊದಲಿಗಿಂತ ಮಂದ ಕಾಣತೊಡಗಿತು. ಬಿಸಿಲಿನಿಂದ ಮನೆಯೊಳಕ್ಕೆ ಕಾಲಿಟ್ಟರೆ ಕಣ್ಣು ಹೊಂದಿಕೊಳ್ಳಲು ತುಂಬ ಹೊತ್ತು ಬೇಕಾಯಿತು. ಇದು ಹೀಗಾಗುತ್ತದೆ, ಯಾಕೆ ಹೀಗಾಗುತ್ತದೆ ಎಂದು ಆ ಆಸ್ಪತ್ರೆಯಲ್ಲಿ ಯಾರೂ ನನಗೆ ಹೇಳಿರಲಿಲ್ಲ. ಸಾಲು ದೊಡ್ಡದಿತ್ತು, ಅವರಿಗೂ ಪುರುಸೊತ್ತಿರಲಿಲ್ಲವೇನೋ. ನಾನೂ ಕೇಳಲಿಲ್ಲ.

ಅಣ್ಣನಿಗೂ 2008ರಲ್ಲಿ ಹೊಸ ರಕ್ತನಾಳಗಳು ಹುಟ್ಟಿವೆ, ಲೇಸರ್ ಬೇಕು ಎಂದರು. ವಿಮಾನ ನಿಲ್ದಾಣ ಶುರುವಾದ ವರ್ಷ ಅದು. ಅವನ ಬಲಗಣ್ಣಿಗೆ ಲೇಸರ್ ಮುಗಿದಿತ್ತು, ಎಡಗಣ್ಣಿಗೆ ಮುಂದಿನ ತಿಂಗಳು ಬನ್ನಿ ಎಂದಿದ್ದರು. ಒಂದು ಸಂಜೆ ಜಗಲಿಯ ಮೇಲೆ ಕೂತು ಕೇಳಿದ: ‘ಅಲ್ಲ ತಮ್ಮಯ್ಯ, ನಿಂಗೆ ಮೂರು ವರ್ಷ ಆಯ್ತಲ್ಲ, ಈಗ ಮೊದ್ಲಿಗಿಂತ ಚೆನ್ನಾಗಿ ಕಾಣ್ತದಾ?’ ನಾನು ಅಂದೆ: ‘ಇಲ್ಲ ಕಣಣ್ಣ, ಏನೂ ಹೆಚ್ಚಾಗ್ಲಿಲ್ಲ, ಸ್ವಲ್ಪ ಮಂಕೇ ಆಯ್ತು.’ ಅಷ್ಟೇ. ಸುಳ್ಳು ಹೇಳಿರಲಿಲ್ಲ. ತೋಟದಲ್ಲಿ ದ್ರಾಕ್ಷಿ ಕೊಯ್ಲಿಗೆ ಬಂದಿತ್ತು. ಅವನು ಎಡಗಣ್ಣಿಗೆ ಹೋಗಲಿಲ್ಲ.

ಮೂರು ವರ್ಷ ಬಿಟ್ಟು ಒಂದು ಬೆಳಿಗ್ಗೆ ಎಡಗಣ್ಣಿನ ಮುಂದೆ ಕಪ್ಪು ದಾರ ಇಳಿದ ಹಾಗಾಯಿತು ಅಂದ. ಸಂಜೆಯ ಹೊತ್ತಿಗೆ ಶಾಯಿ ಬುಡ್ಡಿ ಚೆಲ್ಲಿದಂತೆ ಪೂರ್ತಿ ಕಪ್ಪುಗೆಂಪು. ಕಣ್ಣೊಳಗೆ ರಕ್ತನಾಳ ಒಡೆದಿತ್ತು. ಆಮೇಲೆ ಪರದೆಯೇ ಎಳೆದುಕೊಂಡು ಕಿತ್ತು ಬಂತು. ಆಪರೇಷನ್ ಆಯಿತು. ಬೆಳಕು ಯಾವ ಕಡೆ ಇದೆ ಎನ್ನುವಷ್ಟು ಮಾತ್ರ ಉಳಿಯಿತು. ಲೇಸರ್ ಮುಗಿಸಿದ್ದ ಬಲಗಣ್ಣಿನಲ್ಲಿ 2019ರಲ್ಲಿ ತೀರಿಕೊಳ್ಳುವ ಹಿಂದಿನ ದಿನದವರೆಗೂ ಪೇಪರ್ ಓದಿದ.

ಒಬ್ಬನೇ ಮನುಷ್ಯ, ಒಂದೇ ರಕ್ತ, ಒಂದೇ ಸಕ್ಕರೆ, ಒಂದೇ ಊಟ. ಒಂದು ಕಣ್ಣಿಗೆ ಲೇಸರ್ ಆಗಿತ್ತು, ಇನ್ನೊಂದಕ್ಕೆ ಆಗಿರಲಿಲ್ಲ.

ಆಮೇಲೆ ಈ ವಿಷಯ ಓದಲು ಶುರುಮಾಡಿದಾಗ ನನಗೆ ಮೈ ಜುಮ್ಮೆಂದದ್ದು ಇಲ್ಲಿ. 1970ರ ದಶಕದ ಮೊದಲಲ್ಲಿ ಅಮೆರಿಕದಲ್ಲಿ 1,700ಕ್ಕೂ ಹೆಚ್ಚು ಸಕ್ಕರೆ ಕಾಯಿಲೆಯವರ ಮೇಲೆ ಒಂದು ದೊಡ್ಡ ಅಧ್ಯಯನ ನಡೆಯಿತು. ಅಲ್ಲಿ ಬೇಕೆಂದೇ ಹೀಗೆ ಮಾಡಿದ್ದರು. ಒಬ್ಬೊಬ್ಬರಿಗೂ ಒಂದು ಕಣ್ಣಿಗೆ ಬೆಳಕಿನ ಚಿಕಿತ್ಸೆ, ಇನ್ನೊಂದು ಕಣ್ಣನ್ನು ಹಾಗೇ ಬಿಟ್ಟು ನೋಡುವುದು. ಲೇಸರ್ ಒಳ್ಳೆಯದೋ ಕೆಟ್ಟದ್ದೋ ಎಂದು ಆಗ ಡಾಕ್ಟರುಗಳಿಗೇ ಖಾತ್ರಿ ಇರಲಿಲ್ಲ. 1976ರ ಹೊತ್ತಿಗೆ ವ್ಯತ್ಯಾಸ ಎಷ್ಟು ಸ್ಪಷ್ಟವಾಯಿತೆಂದರೆ, ಬಿಟ್ಟಿದ್ದ ಕಣ್ಣುಗಳಿಗೂ ಅಪಾಯ ಇದ್ದಲ್ಲಿ ಚಿಕಿತ್ಸೆ ಕೊಡಿ ಎಂದು ನಿಯಮವನ್ನೇ ಬದಲಾಯಿಸಿದರು. ಚಿಕಿತ್ಸೆ ಪಡೆದ ಕಣ್ಣುಗಳಲ್ಲಿ ದೃಷ್ಟಿ ತೀರಾ ಹೋಗುವುದು ಅರ್ಧಕ್ಕಿಂತ ಕಡಿಮೆಗೆ ಇಳಿದಿತ್ತು. ಜಗತ್ತಿಗೆ 1976ರಲ್ಲೇ ಗೊತ್ತಾದ ಸಂಗತಿ ಚಿಕ್ಕಜಾಲದ ನಮ್ಮ ಜಗಲಿಗೆ 2008ರಲ್ಲೂ ತಲುಪಿರಲಿಲ್ಲ.

ಲೇಸರ್ ನಿಜಕ್ಕೂ ಏನು ಮಾಡುತ್ತದೆ ಎಂದು ಅಣ್ಣನಿಗಿಂತ ಚೆನ್ನಾಗಿ ಅರ್ಥಮಾಡಿಕೊಳ್ಳಬಲ್ಲವರು ಇರಲಿಲ್ಲ. ಹೇಳುವವರು ಬೇಕಿತ್ತು. ಅವನ ಬೋರ್‌ವೆಲ್ ನೀರು ಇಳಿದ ವರ್ಷ ದ್ರಾಕ್ಷಿ ಚಪ್ಪರದ ಅಂಚಿನ ನಾಲ್ಕು ಸಾಲುಗಳನ್ನು ಅವನೇ ಕಡಿದುಹಾಕಿದ್ದ. ಇರುವ ನೀರನ್ನು ಎಲ್ಲಕ್ಕೂ ಹಂಚಿದರೆ ಯಾವುದೂ ಉಳಿಯುವುದಿಲ್ಲ, ಅಂಚು ಬಿಟ್ಟರೆ ನಡುವಿನದಾದರೂ ಉಳಿಯುತ್ತದೆ ಎನ್ನುವ ಲೆಕ್ಕ. ಕಣ್ಣಿನಲ್ಲೂ ಅದೇ ಲೆಕ್ಕ. ರೆಟಿನಾ ಎನ್ನುವುದು ಕಣ್ಣಿನ ಹಿಂಭಾಗದ ಪರದೆ, ನಾನು ಪಾಠ ಮಾಡುವಾಗ ಅಕ್ಷಿಪಟ ಎನ್ನುತ್ತಿದ್ದೆ, ಊರಲ್ಲಿ ‘ಕಣ್ಣಿನ ನರ’ ಎನ್ನುತ್ತಾರೆ. ಸಕ್ಕರೆ ವರ್ಷಗಟ್ಟಲೆ ಏರಿ ನಿಂತರೆ ಅಲ್ಲಿನ ಸಣ್ಣ ರಕ್ತನಾಳಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ. ಆಮ್ಲಜನಕ ಸಾಲದ ಪರದೆ ಹೊಸ ನಾಳ ಬೇಕೆಂದು ರಾಸಾಯನಿಕದ ಮೂಲಕ ಕೂಗು ಹಾಕುತ್ತದೆ. ಹೊಸ ನಾಳಗಳು ಹುಟ್ಟುತ್ತವೆ, ಆದರೆ ಅವು ಗಟ್ಟಿಯಿಲ್ಲದವು, ಸೋರುತ್ತವೆ, ಒಡೆಯುತ್ತವೆ, ಒಣಗುವಾಗ ಪರದೆಯನ್ನೇ ಎಳೆದು ಕೀಳುತ್ತವೆ. ಲೇಸರ್ ಅಂಚಿನ ಭಾಗದಲ್ಲಿ ಸಾವಿರದ ಇನ್ನೂರು, ಸಾವಿರದ ಆರುನೂರು ಚುಕ್ಕೆ ಸುಡುತ್ತದೆ. ಅಷ್ಟು ಜಾಗಕ್ಕೆ ಆಮ್ಲಜನಕದ ಬೇಡಿಕೆ ಕಡಿಮೆಯಾಗುತ್ತದೆ, ಕೂಗು ನಿಲ್ಲುತ್ತದೆ, ಹೊಸ ನಾಳಗಳು ಮುದುಡುತ್ತವೆ. ಓದುವ, ಮುಖ ಗುರುತಿಸುವ ನಡುಭಾಗ ಉಳಿಯುತ್ತದೆ.

ಹಾಗಾಗಿ ‘ಈಗ ಚೆನ್ನಾಗಿ ಕಾಣ್ತದಾ’ ಎನ್ನುವ ಪ್ರಶ್ನೆಯೇ ತಪ್ಪು. ಅಂಚಿನ ಸಾಲು ಕಡಿದ ದಿನ ತೋಟದ ಇಳುವರಿ ಹೆಚ್ಚುವುದಿಲ್ಲ. ಕೇಳಬೇಕಾದ್ದು ಹತ್ತು ವರ್ಷ, ಹದಿನೈದು ವರ್ಷದ ಆಮೇಲೆ ಏನು ಉಳಿದಿದೆ ಎಂದು.

ಅದನ್ನೂ ಕೇಳಿ ನೋಡಿದವರು ಇದ್ದಾರೆ. 1979ರಲ್ಲಿ ಶುರುವಾದ ಇನ್ನೊಂದು ಅಧ್ಯಯನದಲ್ಲಿ 3,711 ಜನ ಇದ್ದರು. ಅವರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಸೇರಿದ್ದವರನ್ನು, ಮೊದಲ ಲೇಸರ್ ಆಗಿ 13ರಿಂದ 19 ವರ್ಷ ಕಳೆದ ಮೇಲೆ ಹುಡುಕಿ ಕರೆಸಿ ಪರೀಕ್ಷೆ ಮಾಡಿದರು. ಬಂದವರು 71 ಮಂದಿ. ಅವರಲ್ಲಿ ನೂರಕ್ಕೆ 84 ಜನರಿಗೆ ಚೆನ್ನಾಗಿರುವ ಕಣ್ಣಿನಲ್ಲಿ 6/12 ಅಥವಾ ಅದಕ್ಕಿಂತ ಒಳ್ಳೆಯ ದೃಷ್ಟಿ ಇತ್ತು. ಕನ್ನಡಕ ಹಾಕಿಕೊಂಡು ಪೇಪರ್ ಓದುವ ದೃಷ್ಟಿ ಅದು. ಇದನ್ನು ಮೊದಲ ಸಲ ಓದಿದಾಗ ನಾನು ಪುಟ ಮುಚ್ಚಿ ಹೊರಗೆ ಬಂದು ಕೂತೆ.

ಆದರೆ ಅದೇ ವರದಿಯಲ್ಲಿ ಇನ್ನೊಂದು ಸಾಲಿದೆ, ಅದನ್ನು ಮುಚ್ಚಿಡಬಾರದು. ಆ ಆಸ್ಪತ್ರೆಯ ಗುಂಪಿನಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅಷ್ಟು ಹೊತ್ತಿಗೆ ತೀರಿಕೊಂಡಿದ್ದರು. ಕಣ್ಣಿನ ನಾಳ ಕೆಡಿಸಿದ ಸಕ್ಕರೆಯೇ ಹೃದಯದ್ದನ್ನೂ ಮೂತ್ರಪಿಂಡದ್ದನ್ನೂ ಕೆಡಿಸುತ್ತದೆ. ಅಣ್ಣ ಹೋದದ್ದು ಹೃದಯದಿಂದಲೇ. ರೆಟಿನಾದಲ್ಲಿ ಹೊಸ ನಾಳ ಕಂಡಿದೆ ಎಂದರೆ ಇಡೀ ಮೈಯ ರಕ್ತನಾಳಗಳ ಬಗ್ಗೆ ಒಂದು ನೋಟಿಸ್ ಬಂದ ಹಾಗೆ. ಲೇಸರ್ ಆದ ಮೇಲೆ ಬಿಪಿ ಮಾತ್ರೆ ಬಿಡುವವರನ್ನು, ಇನ್ಸುಲಿನ್ ‘ಅಭ್ಯಾಸ ಆಗಿಬಿಡ್ತದೆ’ ಎಂದು ಮುಂದೂಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಈ ಚಿಕಿತ್ಸೆ ಹುಟ್ಟಿದ್ದು ಹೇಗೆ ಎನ್ನುವುದನ್ನೂ ಹೇಳಲೇಬೇಕು, ಯಾಕೆಂದರೆ ನಮ್ಮ ಅಜ್ಜಿಯಂದಿರು ಇದರ ಅರ್ಧವನ್ನು ಬಲ್ಲವರು. ಗ್ರಹಣದ ಸೂರ್ಯನನ್ನು ನೋಡಿದರೆ ಕಣ್ಣು ಹೋಗುತ್ತದೆ ಎಂದು ನಮ್ಮನ್ನು ಒಳಗೆ ಕೂಡಿಹಾಕುತ್ತಿದ್ದರಲ್ಲ. 1945ರ ಜುಲೈ 10ರಂದು ಯೂರೋಪಿನಲ್ಲಿ ಸೂರ್ಯಗ್ರಹಣವಾಯಿತು. ಬರಿಗಣ್ಣಿನಿಂದ ಅದನ್ನು ನೋಡಿ ರೆಟಿನಾ ಸುಟ್ಟುಕೊಂಡ ಒಬ್ಬ ವಿದ್ಯಾರ್ಥಿಯ ಕಣ್ಣನ್ನು ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಗೆರ್ಡ್ ಮೇಯರ್-ಶ್ವಿಕೆರಾಥ್ ಎಂಬ ತರುಣ ವೈದ್ಯರು ಪರೀಕ್ಷಿಸಿದರು. ಬೆಳಕು ಇಷ್ಟು ಅಚ್ಚುಕಟ್ಟಾಗಿ ಒಂದು ಚುಕ್ಕೆಯನ್ನು ಸುಡಬಲ್ಲುದಾದರೆ, ಬೇಕಾದ ಕಡೆ ಬೇಕಾದಷ್ಟು ಸುಡಲು ಅದನ್ನೇ ಬಳಸಬಾರದೇಕೆ ಎಂದು ಅವರಿಗೆ ಹೊಳೆಯಿತು. ಆಸ್ಪತ್ರೆಯ ಮಾಳಿಗೆಯ ಮೇಲೆ ಕನ್ನಡಿ ಹೂಡಿ ಬಿಸಿಲನ್ನೇ ರೋಗಿಯ ಕಣ್ಣಿಗೆ ಹಾಯಿಸಿದರು. ಮೋಡ ಬಂದರೆ ಚಿಕಿತ್ಸೆ ನಿಂತಿತು. ಆಮೇಲೆ ಜೈಸ್ ಕಂಪನಿಯ ಜೊತೆ ಸೇರಿ ಕ್ಸೆನಾನ್ ದೀಪದ ಯಂತ್ರ ಮಾಡಿದರು. 1960ರಲ್ಲಿ ಲೇಸರ್ ಬಂತು, ಆ ದಶಕ ಮುಗಿಯುವ ಹೊತ್ತಿಗೆ ಆರ್ಗಾನ್ ಲೇಸರ್ ಕಣ್ಣಿನ ಆಸ್ಪತ್ರೆಗೆ ಕಾಲಿಟ್ಟಿತು. ಗ್ರಹಣದಲ್ಲಿ ಕಣ್ಣು ಸುಟ್ಟುಕೊಂಡ ಯಾರೋ ಹುಡುಗನಿಂದ ಲಕ್ಷಾಂತರ ಜನರ ಕಣ್ಣು ಉಳಿಯಿತು. ನನ್ನದೂ.

ಈಗ ಹಲವರು ಹೇಳುವುದು ‘ಲೇಸರ್ ಹಳೇದಾಯ್ತು ಮೇಷ್ಟ್ರೇ, ಈಗ ಇಂಜೆಕ್ಷನ್ ಇದೆ’ ಎಂದು. ಕಣ್ಣಿನೊಳಗೆ ಕೊಡುವ ಈ ಇಂಜೆಕ್ಷನ್ ದೊಡ್ಡ ವರವೇ. ಪರದೆಯ ನಡುಭಾಗದಲ್ಲಿ ನೀರು ತುಂಬಿ ಊತ ಬಂದಾಗ ಲೇಸರ್‌ಗಿಂತ ಅದು ಹೆಚ್ಚು ಕೆಲಸ ಮಾಡುತ್ತದೆ. ನನಗೂ 2016ರಲ್ಲಿ ಕೊಟ್ಟರು, ಮಂಜು ಸರಿದ ಹಾಗಾಯಿತು. ಹೊಸ ರಕ್ತನಾಳದ ಕಾಯಿಲೆಗೂ ಅದು ಲೇಸರ್‌ನಷ್ಟೇ ಚೆನ್ನಾಗಿ ದೃಷ್ಟಿ ಕಾಯುತ್ತದೆ ಎಂದು ಅಮೆರಿಕದ ಅಧ್ಯಯನವೊಂದು 2015ರಲ್ಲಿ ಹೇಳಿತು, ಐದು ವರ್ಷದ ಫಲಿತಾಂಶವೂ ಹಾಗೇ ಬಂತು. ಪಕ್ಕದ ನೋಟ ಅಷ್ಟಾಗಿ ಕುಗ್ಗುವುದಿಲ್ಲ ಎನ್ನುವ ಲಾಭವೂ ಇದೆ. ಆದರೆ ಅದರ ಬಲ ಕೆಲವು ವಾರಗಳದು, ಕರೆದಾಗೆಲ್ಲ ಹೋಗಬೇಕು. ಲೇಸರ್ ಹಾಕಿದ ಗುರುತು ಅಲ್ಲೇ ಇರುತ್ತದೆ, ಇಂಜೆಕ್ಷನ್ ಇಳಿದುಹೋಗುತ್ತದೆ. ಆರು ತಿಂಗಳಿಗಿಂತ ಹೆಚ್ಚು ಕಾಲ ಆಸ್ಪತ್ರೆಗೆ ಬಾರದೆ ಹೋದವರನ್ನು ಹೋಲಿಸಿ ನೋಡಿದ 2019ರ ವರದಿಯೊಂದರಲ್ಲಿ, ಬರೀ ಇಂಜೆಕ್ಷನ್ ಪಡೆದು ತಪ್ಪಿಸಿಕೊಂಡ ಕಣ್ಣುಗಳು ಲೇಸರ್ ಆಗಿ ತಪ್ಪಿಸಿಕೊಂಡ ಕಣ್ಣುಗಳಿಗಿಂತ ಬಹಳ ಕೆಟ್ಟಿದ್ದವು, ಪರದೆ ಕಿತ್ತುಬಂದದ್ದೂ ಹೆಚ್ಚು. ಮರುವರ್ಷವೇ ಲಾಕ್‌ಡೌನ್ ಬಂತು. ಬಸ್ಸಿಲ್ಲ, ಆಸ್ಪತ್ರೆಯ ಹೊರರೋಗಿ ವಿಭಾಗ ಇಲ್ಲ. ಇಂಜೆಕ್ಷನ್ ಮೇಲೆ ನಿಂತಿದ್ದವರ ಪಾಡು ಏನಾಗಿರಬಹುದು ಎಂದು ನೀವೇ ಯೋಚಿಸಿ.

ನಮ್ಮ ಕಡೆಯವರ ಜೀವನ ನನಗೆ ಗೊತ್ತಿದೆ. ಏರ್‌ಪೋರ್ಟ್ ಟ್ಯಾಕ್ಸಿ ಓಡಿಸುವವನಿಗೆ ಒಂದು ದಿನ ರಜೆ ಎಂದರೆ ಆ ದಿನದ ಕಂತು ಹೋಯಿತು. ಹೂವಿನ ತೋಟದವರಿಗೆ ಹಬ್ಬದ ವಾರ ಬಿಟ್ಟು ಹೋಗಲಾಗದು. ತಿಂಗಳು ತಿಂಗಳು ತಪ್ಪದೆ ಹೋಗುತ್ತೇನೆ ಎಂದು ಎದೆ ಮುಟ್ಟಿ ಹೇಳಬಲ್ಲವರು ಡಾಕ್ಟರು ಹೇಳಿದರೆ ಇಂಜೆಕ್ಷನ್ ಆರಿಸಿಕೊಳ್ಳಲಿ. ಹೇಳಲಾಗದವರು ಅದನ್ನು ನಾಚಿಕೆ ಬಿಟ್ಟು ಡಾಕ್ಟರ ಮುಂದೆ ಹೇಳಿ. ‘ಸಾರ್, ನನ್ನ ಕೈಲಿ ಪದೇ ಪದೇ ಬರಕ್ಕಾಗಲ್ಲ’ ಎನ್ನುವ ಒಂದು ಮಾತಿನಿಂದ ಅವರು ಕೊಡುವ ಸಲಹೆ ಬದಲಾಗಬಹುದು.

ಲೇಸರ್‌ನ ಕಷ್ಟಗಳನ್ನೂ ಇಪ್ಪತ್ತು ವರ್ಷ ಅನುಭವಿಸಿದವನಾಗಿ ಹೇಳುತ್ತೇನೆ, ಯಾಕೆಂದರೆ ಮೊದಲೇ ಹೇಳದೆ ಇದ್ದದ್ದೇ ನಮ್ಮ ಮನೆಯಲ್ಲಿ ಅನಾಹುತ ಮಾಡಿದ್ದು. ನಾನು ಕತ್ತಲಾದ ಮೇಲೆ ಗಾಡಿ ಓಡಿಸುವುದನ್ನು ಬಿಟ್ಟು ಬಹಳ ವರ್ಷವಾಯಿತು. ಬಳ್ಳಾರಿ ರಸ್ತೆ ದಾಟುವಾಗ ಪಕ್ಕದಿಂದ ಬರುವ ಬೈಕು ತಡವಾಗಿ ಕಾಣುತ್ತದೆ, ಅದಕ್ಕೇ ಕತ್ತು ಪೂರ್ತಿ ತಿರುಗಿಸಿ ಎರಡು ಸಲ ನೋಡುತ್ತೇನೆ. ಸಿನಿಮಾ ಟಾಕೀಸಿನಲ್ಲಿ ದೀಪ ಆರಿದ ಮೇಲೆ ಸೀಟು ಹುಡುಕಲು ಮೊಮ್ಮಗಳ ಕೈ ಬೇಕು. ರಾತ್ರಿ ಪಾಳಿಯ ಡ್ರೈವರುಗಳು ಇದನ್ನು ಡಾಕ್ಟರ ಹತ್ತಿರ ಮೊದಲೇ ಮಾತಾಡಬೇಕು. ಇಷ್ಟು ಕೊಟ್ಟು ನಾನು ಪಡೆದದ್ದು ಈ ಪತ್ರವನ್ನು ನನ್ನ ಕೈಯಾರೆ ಬರೆಯುವ ಕಣ್ಣು.

ಇನ್ನೊಂದು ಮಾತು, ಅಜ್ಜ ಅಜ್ಜಿ ಆದವರಿಗೆ. ಇದೇ ಬೆಳಕು ಹಸುಗೂಸುಗಳ ಕಣ್ಣನ್ನೂ ಉಳಿಸುತ್ತದೆ. ತಿಂಗಳು ತುಂಬದೆ ಹುಟ್ಟಿದ ಮಗುವಿನ ರೆಟಿನಾದಲ್ಲಿ ರಕ್ತನಾಳ ಪೂರ್ತಿ ಬೆಳೆದಿರುವುದಿಲ್ಲ. ಅಲ್ಲೂ ಕೆಟ್ಟ ನಾಳಗಳು ಹುಟ್ಟಿ ಪರದೆ ಕಿತ್ತುಬರಬಹುದು. 2008ರಲ್ಲಿ, ಅಣ್ಣ ತಪ್ಪಿಸಿಕೊಂಡ ಅದೇ ವರ್ಷ, ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಡಾ. ಆನಂದ್ ವಿನೇಕರ್ ಕಿಡ್‌ರಾಪ್ ಎಂಬ ಯೋಜನೆ ಆರಂಭಿಸಿದರು. ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತುಕೊಂಡು ಜಿಲ್ಲೆ, ತಾಲ್ಲೂಕುಗಳ ನವಜಾತ ಶಿಶು ಘಟಕಗಳಿಗೆ ಹೋಗುತ್ತಾರೆ, ಅಂಗೈಯಷ್ಟು ಮಗುವಿನ ಕಣ್ಣಿನ ಒಳಚಿತ್ರ ತೆಗೆದು ಇಂಟರ್‌ನೆಟ್ ಮೂಲಕ ಕಳಿಸುತ್ತಾರೆ, ದೂರದಲ್ಲಿ ಕೂತ ತಜ್ಞರು ನೋಡಿ ಲೇಸರ್ ಬೇಕೋ ಬೇಡವೋ ಹೇಳುತ್ತಾರೆ. ಬೇಕೆಂದರೆ ಒಂದೆರಡು ದಿನದೊಳಗೆ ಆಗಬೇಕು, ಅಲ್ಲಿ ತಿಂಗಳ ಲೆಕ್ಕವೇ ಇಲ್ಲ. ಆ ತಾಯಂದಿರು ಯಾರೂ ಮಗುವನ್ನು ‘ಈಗ ಚೆನ್ನಾಗಿ ಕಾಣ್ತದಾ’ ಎಂದು ಕೇಳುವ ಹಾಗಿರಲಿಲ್ಲ. ನಂಬಿ ಮಾಡಿಸಿದರು. ಆಗ ಹುಟ್ಟಿದ ಮಕ್ಕಳು ಈಗ ಕಾಲೇಜಿನ ವಯಸ್ಸಿನವರು. ದಪ್ಪ ಕನ್ನಡಕ ಬರಬಹುದು, ಮೆಳ್ಳೆಗಣ್ಣು ಬರಬಹುದು, ದೊಡ್ಡವರಾದ ಮೇಲೂ ರೆಟಿನಾ ಪರೀಕ್ಷೆ ತಪ್ಪಿಸುವ ಹಾಗಿಲ್ಲ. ನಿಮ್ಮ ಮನೆಯಲ್ಲಿ 34 ವಾರಕ್ಕೆ ಮೊದಲು ಅಥವಾ ಎರಡು ಕೆಜಿಗಿಂತ ಕಡಿಮೆ ತೂಕದ ಮಗು ಹುಟ್ಟಿದರೆ, ಒಂದು ತಿಂಗಳು ತುಂಬುವುದರೊಳಗೆ ಕಣ್ಣಿನ ಪರದೆ ನೋಡಿಸಿ. ತೀರಾ ಸಣ್ಣ ಕೂಸಾದರೆ ಇನ್ನೂ ಬೇಗ. ಬಾಣಂತಿ ಹೊರಗೆ ಬರಬಾರದು ಎಂದು ನಲವತ್ತು ದಿನ ಕಾಯಬೇಡಿ.

ಮತ್ತೆ ನಮ್ಮ ವಿಷಯಕ್ಕೆ. 2022ರಲ್ಲಿ ಪ್ರಕಟವಾದ ಭಾರತದ ದೊಡ್ಡ ಸಮೀಕ್ಷೆಯ ಪ್ರಕಾರ 40 ದಾಟಿದ ಸಕ್ಕರೆ ಕಾಯಿಲೆಯವರಲ್ಲಿ ಹೆಚ್ಚುಕಡಿಮೆ ಎಂಟರಲ್ಲಿ ಒಬ್ಬರಿಗೆ ರೆಟಿನಾ ತೊಂದರೆ ಇದೆ, ನೂರರಲ್ಲಿ ನಾಲ್ವರಿಗೆ ದೃಷ್ಟಿಗೇ ಕುತ್ತು ತರುವ ಹಂತದಲ್ಲಿದೆ. ನಮ್ಮ ಊರಿನ ಮದುವೆ ಮನೆಯ ಪಂಕ್ತಿಯಲ್ಲಿ ಪಾಯಸ ಬೇಡ ಎಂದು ಕೈ ಅಡ್ಡ ಹಿಡಿಯುವವರನ್ನು ಎಣಿಸಿಕೊಳ್ಳಿ, ಆ ನಾಲ್ವರು ಯಾರೋ ದೂರದವರಲ್ಲ ಎಂದು ತಿಳಿಯುತ್ತದೆ. ಅವರಿಗೆ ನೋವಿರುವುದಿಲ್ಲ, ಕೆಂಪಾಗಿರುವುದಿಲ್ಲ, ಚೆನ್ನಾಗಿಯೇ ಕಾಣುತ್ತಿರುತ್ತದೆ. ನನಗೂ ಕಾಣುತ್ತಿತ್ತು. ಕನ್ನಡಕದ ಅಂಗಡಿಯ ಪರೀಕ್ಷೆಯಲ್ಲಿ ಇದು ಗೊತ್ತಾಗುವುದಿಲ್ಲ. ಡ್ರಾಪ್ಸ್ ಹಾಕಿ ಪಾಪೆ ಅಗಲ ಮಾಡಿ ಒಳಗೆ ನೋಡಬೇಕು, ಅಥವಾ ರೆಟಿನಾದ ಫೋಟೊ ತೆಗೆಯಬೇಕು, ವರ್ಷಕ್ಕೊಮ್ಮೆ. ಲೇಸರ್ ಆದವರು ಡಾಕ್ಟರು ಹೇಳಿದಷ್ಟು ಸಲ. ಹೊಸದಾಗಿ ಕಪ್ಪು ದಾರ, ಜೇಡರ ಬಲೆ, ಮಿಂಚು ಕಂಡರೆ ಅವತ್ತೇ ಹೋಗಬೇಕು.

ನಿಮ್ಮಲ್ಲಿ ಕೆಲವರು ಹೋಗದೆ ಇರುವುದು ಹೆದರಿಕೆಗಲ್ಲ, ಜೊತೆಗೆ ಬರುವವರು ಇಲ್ಲದ್ದಕ್ಕೆ ಎಂದು ಬಲ್ಲೆ. ಡ್ರಾಪ್ಸ್ ಹಾಕಿದ ಮೇಲೆ ನಾಲ್ಕೈದು ಗಂಟೆ ಬಿಸಿಲು ನೋಡಲಾಗದು, ಬಸ್ಸಿನ ಬೋರ್ಡ್ ಓದಲಾಗದು, ಮಕ್ಕಳು ಕೆಲಸಕ್ಕೆ ಹೋಗಿರುತ್ತಾರೆ. ಮುಂದಿನ ತಿಂಗಳಿಂದ ಪ್ರತಿ ತಿಂಗಳ ಮೊದಲ ಸೋಮವಾರ ಬೆಳಿಗ್ಗೆ ಆರೂವರೆಗೆ ನಾನು ಚಿಕ್ಕಜಾಲದ ಬಸ್ ಸ್ಟಾಪಿನಲ್ಲಿ ಇರುತ್ತೇನೆ. ಮಾರ್ಕೆಟ್ಟಿನಲ್ಲಿ ಇಳಿದರೆ ಮಿಂಟೊ ಕಣ್ಣಾಸ್ಪತ್ರೆ ನಡೆದೇ ಹೋಗುವಷ್ಟು ದೂರ, ಸರ್ಕಾರಿ ಆಸ್ಪತ್ರೆ. ಬಿಪಿಎಲ್ ಕಾರ್ಡ್, ಆಧಾರ್ ಇಟ್ಟುಕೊಳ್ಳಿ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಕೌಂಟರಿನಲ್ಲಿ ವಿಚಾರಿಸೋಣ. ತಿಂಡಿ ತಿಂದು, ಮಾತ್ರೆ ನುಂಗಿ ಬನ್ನಿ, ಹಸಿದು ಬಂದು ಸಾಲಿನಲ್ಲಿ ತಲೆ ಸುತ್ತಿ ಬೀಳಬೇಡಿ. ತಲೆಗೆ ಟೋಪಿಯೋ ಟವೆಲ್ಲೋ ಇರಲಿ. ಬೀರುವಿನಲ್ಲಿರುವ ಆ ಹಳೆಯ ಚೀಟಿಯನ್ನು ಮರೆಯದೆ ತನ್ನಿ, ಯಾವ ಕಣ್ಣಿಗೆ ಎಷ್ಟು ಆಗಿದೆ, ಯಾವ ಕಣ್ಣು ಬಾಕಿ ಇದೆ ಎಂದು ಅದರಲ್ಲಿ ಬರೆದಿರುತ್ತದೆ. ಅಣ್ಣನ ಚೀಟಿ ಈಗ ನನ್ನ ಹತ್ತಿರ ಇದೆ. ಅದರಲ್ಲಿ ‘ಎಡಗಣ್ಣು’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಾರೆ.

ನಿಮ್ಮ ವಿಶ್ವಾಸಿ,
ಚಿಕ್ಕಜಾಲದ ಒಬ್ಬ ನಿವೃತ್ತ ಮೇಷ್ಟ್ರು